ದೊಡ್ಡಮ್ಮನ ಬಿಸಿಲು ಗಡಿಯಾರ

ಇವತ್ತು ಎದುರುಮನೆ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಓದುತ್ತಿದ್ದ ಸಾಲು ಕೈಬಿಟ್ಟು ನಾನು ಹೊಳೆನರಸೀಪುರದ ದೊಡ್ಡಮ್ಮನ ಮನೆ ಅಂಗಳದಲ್ಲಿ ನಿಂತಿದ್ದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ವರ್ಷ ಕೇಳಬೇಡಿ, ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ದೊಡ್ಡಮ್ಮನಿಗೆ ಕಣ್ಣಿಗೆ ಪೊರೆ ಬಂದು ಹಗಲೂ ಹೊಗೆಯಂತೆ ಕಾಣುತ್ತಿತ್ತು. ಅದಕ್ಕೆ ಆಕೆ ಅಳಲಿಲ್ಲ. ಗಂಟೆ ಎಷ್ಟೆಂದು ದಿನಕ್ಕೆ ಹತ್ತು ಸಲ ಸೊಸೆಯನ್ನು ಕೇಳಬೇಕಲ್ಲ, ಅದು ಆಕೆಯನ್ನು ತಿನ್ನುತ್ತಿತ್ತು. "ಈಗ್ತಾನೆ ಯೋಳಿದ್ನಲ್ಲತ್ತೆ" ಎಂದು ಸೊಸೆ ಅಡುಗೆಮನೆಯಿಂದ ಕೂಗಿದರೆ ಗೋಡೆಗೆ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು.

ನಾನೋ ಮೈಸೂರಿನಲ್ಲಿ ವಿಜ್ಞಾನ ಓದಿ ಬಂದವನು. ಮುಟ್ಟಿ ನೋಡುವ ಬಿಸಿಲು ಗಡಿಯಾರ ಮಾಡಿಕೊಡುತ್ತೇನೆಂದೆ. ಬಿಸಿಲು ಬಿದ್ದ ಕಡೆ ಬಿಸಿ, ನೆರಳಿನ ಕಡೆ ತಂಪು, ತಂಪು ಸಿಕ್ಕ ಅಂಕಿಯೇ ಗಂಟೆ, ಅಷ್ಟೇ ತಾನೆ? ತಗಡಿಗೆ ಬಿಳಿ ಬಣ್ಣ, ಅದರ ಮೇಲೆ ಬೆರಳಿಗೆ ಸಿಗುವಷ್ಟು ದಪ್ಪನೆಯ ಕಪ್ಪು ಅಂಕಿ. ಮಧ್ಯಾಹ್ನ ದೊಡ್ಡಮ್ಮ ಕೈಯಿಟ್ಟವಳೇ ಎಳೆದುಕೊಂಡಳು.

"ಏನ್ಲಾ ಇದು, ಓದ್ಕಂಡು ಬಂದು ರೊಟ್ಟಿ ಹೆಂಚು ಮಡಗಿದ್ದೀಯಾ?"

ಮೊದಲ ಮಳೆಗೆ ಅಂಕಿಗಳೂ ಹಪ್ಪಳದಂತೆ ಎದ್ದವು.

ಚನ್ನರಾಯಪಟ್ಟಣದ ರಸ್ತೆಯಲ್ಲಿ ಮೈಲಿಗಲ್ಲು ಬರೆಯುತ್ತಿದ್ದ ಅರಕಲಗೂಡಿನ ಸಿದ್ದಪ್ಪನನ್ನು ಕರೆಸಿದೆ. ಅವನು ತಗಡನ್ನು ಉಗುರಿನಿಂದ ಕೆರೆದು ನಕ್ಕ. "ಬಣ್ಣ ನಂಬ್ಕಂಡ್ರೆ ಕೆಟ್ರಿ ಸಾ. ಮೊದ್ಲು ಉಳೀಲಿ ಕೊರೀಬೇಕು, ಆಮ್ಯಾಕೆ ಬಣ್ಣ. ಬಣ್ಣ ಓಗ್ಲಿ, ಅಂಕಿ ಎಲ್ಲೂ ಓಗಾಕಿಲ್ಲ."

ಬಳಪದ ಕಲ್ಲಿನ ಚಪ್ಪಡಿ ತಂದು ಅಂಕಿ ಕೊರೆದ. ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣವನ್ನು ತೆಳ್ಳಗೆ ಬಳಿದು, ಒಣಗಲು ಬಿಟ್ಟು, ಮತ್ತೆ ಬಳಿದ. ನೆರಳಿಗೆಂದು ನಡುವೆ ಅಗಲವಾದ ಹಲಗೆ ನಿಲ್ಲಿಸಿದೆವು. ಬಿಸಿಯಾದ ಕಲ್ಲು ನೆರಳು ಬಂದೊಡನೆ ತಣ್ಣಗಾಗುವುದಿಲ್ಲ, ಇದರಿಂದ ಗಂಟೆ ತಿಳಿಯುವುದು ಸುಳ್ಳು ಎಂದು ನನ್ನ ವಿದ್ಯೆ ಒಳಗೇ ಗೊಣಗುತ್ತಿತ್ತು.

ಮಲಗಿದ ಮಗುವಿನ ಬೆನ್ನು ಸವರುವಂತೆ ದೊಡ್ಡಮ್ಮ ಕಲ್ಲನ್ನು ಸವರಿದಳು. ಕೈ ಒಂದು ಕಡೆ ನಿಂತಿತು. ಮುಖ ಬಿಸಿಲಿನತ್ತ ಎತ್ತಿದಳು.

"ಮೂರು," ಎಂದಳು.

ನನ್ನ ಕೈಗಡಿಯಾರದಲ್ಲಿ ಮೂರೂ ಇಪ್ಪತ್ತು. ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಸೊಸೆಯ ದನಿ: "ಎಷ್ಟಾಯ್ತತ್ತೆ? ಕಾಫಿಗಿಡ್ಲಾ?"

"ಮೂರಾಯ್ತು ಕಣವ್ವ, ಇಡು."

ಅಡುಗೆಮನೆ ಬಾಗಿಲಿಗೆ ಎದುರೇ ಗೋಡೆ ಗಡಿಯಾರವಿತ್ತು. ಗಂಟೆ ಹೊಡೆಯುವುದು ನಿಂತಿದ್ದರೂ ಮುಳ್ಳು ಸರಿಯಾಗಿ ಓಡುತ್ತಿತ್ತು. ಸೊಸೆ ಅದರತ್ತ ತಲೆಯೆತ್ತಲಿಲ್ಲ. ಅಂದಿನಿಂದ ಮನೆಯವರೆಲ್ಲ ದೊಡ್ಡಮ್ಮನನ್ನೇ ಗಂಟೆ ಕೇಳತೊಡಗಿದರು.

ಆಕೆಗೆ ನೆರಳು ನಿಜವಾಗಿ ಕೈಗೆ ಸಿಗುತ್ತಿತ್ತೇ, ಬರೀ ಅಂದಾಜೇ ಎಂದು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಇವತ್ತು ಮೊದಲ ಸಲ ಬೇರೊಂದು ಹೊಳೆಯಿತು: ಆ ಮನೆಯಲ್ಲಿ ಗಡಿಯಾರ ನೋಡಿ ತಾಳೆ ಹಾಕಿದವನು ನಾನೊಬ್ಬನೇ.