ಮಡಚದ ಬೆರಳು

ನಮ್ಮ ನರ್ಸಮ್ಮನ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ಆಸ್ಪತ್ರೆಯ ಬಾಗಿಲಿಗೆ ಸಿಕ್ಕಿ ಮುರಿದದ್ದು ಗೂಟದ ಹಾಗೆ ನೆಟ್ಟಗೆ ಕೂಡಿಕೊಂಡುಬಿಟ್ಟಿತ್ತಂತೆ. ಉಗುರಿನ ಸಂದಿಯಲ್ಲಿ ಸದಾ ಮಣ್ಣು. ಭಾನುವಾರ ಚರ್ಚಿಗೆ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಬರುತ್ತಿದ್ದರು, ಆ ಉಗುರು ಮಾತ್ರ ಕಪ್ಪಗೇ ಇರುತ್ತಿತ್ತು. ಬೀಜ ಊರಲು ಅವರಿಗೆ ಬೇರೆ ಸಾಮಾನು ಬೇಕಿರಲಿಲ್ಲ. ಆ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ, ಬೀಜ ಹಾಕಿ, ಮುಚ್ಚಿ, "ನನ್ನ ಪಾಲು ಮುಗೀತು ಸ್ವಾಮಿ, ಇನ್ನು ನಿಂದು" ಎಂದು ಏಳುತ್ತಿದ್ದರು. ಯೇಸುಸ್ವಾಮಿ ಪಕ್ಕದ ಮನೆಯಲ್ಲೇ ಇದ್ದಾನೆ ಎನ್ನುವ ಧಾಟಿ.

ನನ್ನ ಗಂಡನ ಕೆಲಸ ಆನವಟ್ಟಿಯಲ್ಲಿ. ಸೊರಬದಲ್ಲಿ ನರ್ಸಮ್ಮನ ಪಕ್ಕದ ಮನೆಗೆ ನಾವು ಬಾಡಿಗೆಗೆ ಬಂದಾಗ ನಾನು ಹೆದರಿ ಹಣ್ಣಾಗಿದ್ದೆ. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಗಿತ್ತು. ಮೂರನೆಯದು ಹೊಟ್ಟೆಯಲ್ಲಿತ್ತು. ಕೆಮ್ಮಲು ಭಯ, ಬಚ್ಚಲಿಗೆ ಹೋಗಲು ಭಯ, ಯಾರಾದರೂ "ಎಷ್ಟು ತಿಂಗಳು?" ಎಂದು ಕೇಳಿದರೆ ಇನ್ನೂ ಭಯ. ಪ್ರಾರ್ಥನೆ ಮಾಡುತ್ತಿದ್ದೆ ನಿಜ, ಆದರೆ ಅದು ಪ್ರಾರ್ಥನೆಗಿಂತ ಹೆಚ್ಚಾಗಿ ದೇವರ ಬೆನ್ನು ಹತ್ತಿ ಕಾಡುವುದಾಗಿತ್ತು.

"ಸುಮ್ನೆ ಕೂತ್ರೆ ತಲೆ ಕೆಡ್ತದೆ, ಬಾ" ಎಂದು ನರ್ಸಮ್ಮ ನನ್ನನ್ನು ಹಿತ್ತಲಿಗೆ ಎಳೆದರು. ಬೀನ್ಸು, ಹೀರೆ, ಸಿಹಿಗುಂಬಳ ಊರಿಸಿದರು. ನಾನೋ, ಮಾರನೆಯ ದಿನದಿಂದಲೇ ಮಣ್ಣು ಕೆದಕಿ ನೋಡತೊಡಗಿದೆ. ಒಂದು ಬೀನ್ಸ್ ಬೀಜ ಮೊಳಕೆ ಒಡೆದಿತ್ತು. ನೋಡುವ ಆತುರದಲ್ಲಿ ಅದು ನನ್ನ ಉಗುರಿಗೇ ಸಿಕ್ಕಿ ಮುರಿಯಿತು. ಅಲ್ಲೇ ಕೂತು ಅತ್ತೆ.

"ಒಳಗೆ ಏನಾಗ್ತಿದೆ ಅಂತ ನೋಡೋದು ನಿನ್ನ ಕೆಲ್ಸ ಅಲ್ಲ ಮಾರಾಯ್ತಿ" ಎಂದರು ನರ್ಸಮ್ಮ. "ಕತ್ಲಲ್ಲಿ ಕೆಲ್ಸ ಮಾಡೋದು ಸ್ವಾಮಿಗೆ ಗೊತ್ತಿದೆ. ನೀನು ನೀರು ಹಾಕು."

ಏಳನೆಯ ತಿಂಗಳಿಗೆ ಶಿಕಾರಿಪುರದಿಂದ ಅವ್ವ ಬಂದಳು. ಕುಂಬಳದ ಬಳ್ಳಿ ಬೇಲಿ ಹತ್ತಿ ಮೊದಲ ಮಿಡಿ ಬಿಟ್ಟಿತ್ತು. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ತೋರಿಸಲೇಬೇಕಾದರೆ ಬೆರಳು ಮಡಚಿ, ಗೆಣ್ಣಿನಿಂದ ತೋರಿಸಬೇಕು. ಚರ್ಚಿಗೆ ಹೋಗುವವರೆಂದು ನಾವೇನೂ ಬೇರೆಯಲ್ಲ, ಅವ್ವನೂ ನಾನೂ ಮಡಚಿಯೇ ತೋರಿಸುವವರು. ನರ್ಸಮ್ಮ ಬೇಲಿಯಾಚೆಯಿಂದ ಆ ಗೂಟದ ಬೆರಳು ಚಾಚಿ, "ನೋಡಿದ್ಯಾ, ನಿನ್ನ ಚೊಚ್ಚಲ ಮಿಡಿ!" ಎಂದರು.

"ಅಯ್ಯ, ಬೊಟ್ಟು ಮಾಡ್ಬ್ಯಾಡ್ರೀ! ಬಸುರಿ ಊರಿದ ಬಳ್ಳಿ ಐತಿ" ಎಂದು ಅವ್ವ ಕೂಗಿಕೊಂಡಳು.

ನರ್ಸಮ್ಮ ನಕ್ಕರು. ಆ ವಾರ ಕಳೆಯುವುದರೊಳಗೆ ಮಿಡಿ ಹಳದಿಯಾಗಿ ಉದುರಿತು.

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಂದು ಬೆಳಗಿನಿಂದ ಮಗು ಒದ್ದ ನೆನಪೇ ನನಗೆ ಬರಲಿಲ್ಲ. ಎಡಮಗ್ಗುಲಾಗಿ ಮಲಗಿದೆ, ತಣ್ಣೀರು ಕುಡಿದೆ. ಇಲ್ಲ. ಬೇಲಿಯ ಹತ್ತಿರ ಹೋಗಿ "ನರ್ಸಮ್ಮಾ" ಎಂದದ್ದಷ್ಟೇ. ಅವರು ನೀರಿನ ಪೈಪು ಅಲ್ಲೇ ಬಿಸಾಕಿ ಬಂದರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ. ಆ ಬೆರಳು ಗಡಗಡ ನಡುಗುತ್ತಿತ್ತು. ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಕೈ ನಡುಗುವುದನ್ನು ಕಂಡು ನನ್ನ ಅಳಿದುಳಿದ ಧೈರ್ಯವೂ ಹೋಯಿತು.

ಡಾಕ್ಟರು ಹೊಟ್ಟೆಯ ಮೇಲೆ ಮಿಷನ್ ಇಟ್ಟು ಹುಡುಕಿದರು. ಇಲ್ಲಿಟ್ಟರು, ಅಲ್ಲಿಟ್ಟರು. ಎಲ್ಲೂ ಸದ್ದಿಲ್ಲ. ಆಮೇಲೆ ಟಕಟಕ ಟಕಟಕ ಎಂದು ಎದೆಬಡಿತ ಕೇಳಿಸಿತು. ಮಗು ಮಲಗಿತ್ತಂತೆ!

ಹೊರಗೆ ಬೆಂಚಿನ ಮೇಲೆ ಕೂತು, "ನಿಮಗೂ ಹೆದ್ರಿಕೆ ಆಯ್ತಾ?" ಎಂದು ನರ್ಸಮ್ಮನನ್ನು ಕೇಳಿದೆ.

"ಆಗ್ದೆ ಇರ್ತದಾ? ದಿನಾ ಆಗ್ತದೆ. ಮಿಡಿ ಉದುರಿದ್ದು ಈ ಬೆರಳಿಂದ ಅಲ್ಲ ಅಂತ ಗೊತ್ತು. ಆದ್ರೂ ಆಟೋದಲ್ಲಿ ಇದನ್ನ ಕತ್ತರ್ಸಿ ಬಿಸಾಡ್ಬೇಕು ಅನ್ನಿಸ್ತು." ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು: "ಹೆದ್ರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಗಿಡ ಒಣಗ್ತದೆ ಕಣೇ. ಹೆದರ್ಕೊಂಡೇ ನೀರು ಹಾಕೋದು. ಸ್ವಾಮಿ ಅದನ್ನೂ ನಂಬಿಕೆ ಅಂತಾನೇ ಲೆಕ್ಕಕ್ಕೆ ಹಿಡೀತಾನೆ."

ಮಾರನೆಯ ಬೆಳಿಗ್ಗೆ ನರ್ಸಮ್ಮ ಕುಂಬಳದ ಗಂಡುಹೂವೊಂದನ್ನು ಕಿತ್ತು, ಅದರ ಪುಡಿಯನ್ನು ಹೊಸದಾಗಿ ಅರಳಿದ ಹೆಣ್ಣುಹೂವಿಗೆ ಸವರಿದರು. "ಇಷ್ಟು ನಮ್ಮದು" ಎಂದರು. ಆ ಮಿಡಿ ನಿಂತಿತು. ಮಗಳೂ ಹುಟ್ಟಿದಳು.

ಹೋದ ಮಳೆಗಾಲದಲ್ಲಿ ನರ್ಸಮ್ಮ ತೀರಿಕೊಂಡರು. ಸಮಾಧಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ನನಗೆ ಮತ್ತೆ ಅದೇ ಹಳೆಯ ಹೆದರಿಕೆ. ಈ ಕತ್ತಲಲ್ಲಿ ಯಾರೂ ಕೆಲಸ ಮಾಡದಿದ್ದರೆ? ಮುಷ್ಟಿ ಬಿಚ್ಚಲು ತಡವಾಯಿತು. ಪಾದ್ರಿಗಳು ನನಗಾಗಿ ಕಾದು ನಿಂತಿದ್ದರು. ಕೊನೆಗೂ ಹಾಕಿದೆ.

ಮೊನ್ನೆ ಮಗಳು ಹಿತ್ತಲಿನಿಂದ "ಅಮ್ಮಾ, ಮಿಡಿ ಬಿಟ್ಟಿದೆ!" ಎಂದು ಕೂಗಿದಳು. ಓಡಿ ಹೋಗಿ ನೋಡಿದರೆ, ಪುಟ್ಟ ಬೆರಳನ್ನು ನೆಟ್ಟಗೆ ಅದರ ಕಡೆಗೇ ಚಾಚಿ ನಿಂತಿದ್ದಾಳೆ. ಅದನ್ನು ಮಡಚಲು ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಎದೆ ಡವಡವ ಎನ್ನುತ್ತಿದ್ದರೂ ಕೈ ಹಿಂದಕ್ಕೆ ತೆಗೆದುಕೊಂಡೆ.

"ಹೌದಲ್ಲ ಮಗಳೇ" ಎಂದೆ. ಆಮೇಲೆ ಇಬ್ಬರೂ ಸೇರಿ ನೀರು ಹಾಕಿದೆವು.