ಪ್ಲಸ್ ಇಲ್ಲದ ಕೀಬೋರ್ಡು

ನಾವೊಂದಷ್ಟು ಜನ ಬೇರೆ ಬೇರೆ ಊರುಗಳಲ್ಲಿ ಕೂತು, ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಹೊಸ ಆವೃತ್ತಿಯಲ್ಲಿ ಮಾಡಿದ ರಿಪೇರಿಯನ್ನು ಹಳೆಯದಕ್ಕೂ ಹಾಕಲು ಮೂವರು ‘+1’ ಎಂದು ಓಟು ಬರೆಯಬೇಕು. ಒಬ್ಬರು ಕಾರಣ ಕೊಟ್ಟು ‘-1’ ಅಂದರೂ ಕೆಲಸ ನಿಂತಂತೆ.

ಇಬ್ಬರದು ಬಿದ್ದಿತ್ತು. ಸಂಜೆಯೊಳಗೆ ನನ್ನದು ಬೀಳಬೇಕು. ನಾನಿದ್ದದ್ದು ಪಿರಿಯಾಪಟ್ಟಣದ ಸೈಬರ್ ಸೆಂಟರಿನಲ್ಲಿ, ಅಲ್ಲಿನ ಕೀಬೋರ್ಡಿನಲ್ಲಿ ಪ್ಲಸ್ಸೇ ಕೆಲಸ ಮಾಡದು. ಕಾಪಿ ಮಾಡೋಣವೆಂದರೆ ಮೌಸೂ ಅಲುಗದು.

ಓಟು ಹಾಕಬೇಕು, ಪ್ಲಸ್ ಬೀಳುತ್ತಿಲ್ಲ ಎಂದು ದೂರಿದೆ. “ಓಟಾ? ಯಾರ್ ನಿಂತವ್ರೆ?” ಎಂದರು ಮಾಲೀಕ ಸ್ವಾಮಣ್ಣ.

ನಿಯಮವನ್ನೆಲ್ಲ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, “ಮೈನಸ್ಸು ಚೆನ್ನಾಗದೆ ಕಣ್ರೀ, ಅದ್ನೇ ಒತ್ಬುಡಿ” ಎಂದರು.

ನನ್ನ ಮುಖ ನೋಡಿ ಪಕ್ಕದ ಹೊಸ ಮಿಷನ್ನಿಗೆ ಕೈ ಹಾಕಿದರು. “ತಡೀರಿ, ಒಸದ್ರಿಂದ ಪ್ಲಸ್ ಕೀ ಕಿತ್ತು ಅಳೇದ್ಕೆ ಆಕ್ತೀನಿ.”

“ಬ್ಯಾಡ” ಎಂದರು ಅಲ್ಲಿ ಕೂತಿದ್ದ ಹೆಂಗಸು.

“ಯಾಕ್ರವ್ವಾ?”

“ನಾನು ಇದ್ರಲ್ಲಿ ಟೈಪ್ ಮಾಡ್ತಾ ಇವ್ನಿ, ಕಾಣಾಕಿಲ್ವಾ?”

ಮೈನಸ್ ಒಂದು, ಕಾರಣ ಸಮೇತ. ನಾನು ತೆಪ್ಪಗೆ ಕಾದು, ಆಕೆ ಎದ್ದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಓಟು ಹಾಕಿದೆ.

ನಮ್ಮ ರಿಪೇರಿ ಹಳೆಯ ಆವೃತ್ತಿಗೆ ಹೋಯಿತು. ಸ್ವಾಮಣ್ಣನ ಹಳೆಯ ಕೀಬೋರ್ಡಿಗೆ ಮಾತ್ರ ಕೊನೆಗೂ ಮಂಜೂರಾಗಲಿಲ್ಲ.