ಬುತ್ತಿ ಡಬ್ಬಿಯ ಮಿಸ್ ಕಾಲ್

ಬನಹಟ್ಟಿಯಿಂದ ಬೀಳಗಿಗೆ ಹೊರಟಾಗ ನನ್ನ ತೊಡೆಯ ಮೇಲೆ ಸ್ಟೀಲಿನ ಬುತ್ತಿ ಡಬ್ಬಿ ಇತ್ತು. ಮುಚ್ಚಳದ ತೂತಿನಿಂದ ಆಂಟೆನಾ ಚಾಚಿತ್ತು. ಬಸ್ಸಿನಲ್ಲಿ ಎರಡು ಕೋಳಿ, ಒಂದು ಕುರಿ ಮತ್ತು ಇಡೀ ತಾಲೂಕು ಇತ್ತು. ಪಕ್ಕದ ಮುದುಕಿ ಜಮಖಂಡಿಯವರೆಗೆ ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟಳು.

“ಏನ್ ಪಲ್ಯಾ ತಂದೀಯೋ ತಮ್ಮಾ?”

“ಮಿಷಿನ್ ಐತಿ ಆಯಿ. ಹೊಳಿ ನೀರಿಗೆ ಕಾವಲ ಕುಂದರತೈತಿ.”

“ಹಂಗಾರ ರೊಟ್ಟಿ ಇಲ್ಲೇನು?” ಎಂದು ಆಕೆ ಕಿಟಕಿಯತ್ತ ತಿರುಗಿದಳು. ವಿಜ್ಞಾನಕ್ಕೆ ಆದ ಮೊದಲ ಅವಮಾನ ಅದು.

ಬೀಳಗಿಯ ಆಚೆ ಹಿನ್ನೀರಿನ ದಂಡೆಯಲ್ಲಿ ಗಂಗವ್ವತ್ತೆಯ ಹೊಲವಿದೆ. ನಮ್ಮಲ್ಲಿ ಮಳೆ ಬಾರದಿದ್ದರೂ ಹೊಳೆಯ ಮೇಲ್ಭಾಗದಿಂದ ನೀರು ಬಂದು ಏರುತ್ತದೆ. ಆಗ ಪಂಪಿನ ಮೋಟರನ್ನು ಮೇಲಕ್ಕೆ ಎಳೆಯಬೇಕು, ಇಲ್ಲದಿದ್ದರೆ ಅದು ಕೆಟ್ಟು ಮೆಣಸಿನ ಸಸಿಗಳು ಒಣಗುತ್ತವೆ. ತಂತಿಯ ತುದಿಗೆ ಕಟ್ಟಿದ ತೇಲುಬುರುಡೆಯನ್ನು ನೀರು ಎತ್ತಿದೊಡನೆ ಅತ್ತೆಗೆ ಮಿಸ್ ಕಾಲ್ ಕೊಡುವುದು ನನ್ನ ಡಬ್ಬಿಯ ಕೆಲಸ.

ಅದರ ಚಿಪ್ಪಿಗೆ ಮೆಮೊರಿ ಬರೀ ಎರಡು ಕೆಬಿ. ಮೊಬೈಲ್ ಫೋಟೋದಲ್ಲಿನ ನನ್ನ ಒಂದು ಹುಬ್ಬೂ ಅದರಲ್ಲಿ ಹಿಡಿಯದು. ಅಷ್ಟರಲ್ಲೇ ನಾನು ‘ಮಹಾವಿಜ್ಞಾನಿ ಬಸವರಾಜ, ಬನಹಟ್ಟಿ’ ಎಂದು ಪುಟ್ಟ ಪರದೆಯ ಮೇಲೆ ಹೂಬಳ್ಳಿ ಸಮೇತ ಹರಿಸಿದ್ದೆ. ಜಾಗ ಸಾಲದೆ, ಹೊರಗಿನಿಂದ ಕರೆ ಬಂದರೆ ಏನು ಮಾಡಬೇಕೆಂಬ ಭಾಗವನ್ನು ಕಿತ್ತು ಹಾಕಿದ್ದೆ. ಡಬ್ಬಿಗೆ ಯಾರು ಫೋನ್ ಮಾಡುತ್ತಾರೆ?

ಸಂಜೆ ಡಬ್ಬಿಯನ್ನು ದಂಡೆಯ ಕಂಬಕ್ಕೆ ಕಟ್ಟಿ, ಬುರುಡೆ ಎತ್ತಿ ತೋರಿಸಿದೆ. ಅತ್ತೆಯ ಫೋನ್ ಒಮ್ಮೆ ಗುಣುಗಿತು. ನೋಡಿದವರು ನಾಲ್ಕು ಜನ, ನನ್ನ ಲೆಕ್ಕದಲ್ಲಿ ನಾನ್ನೂರು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಿಂದು ರಾಜನಂತೆ ಮಲಗಿದೆ. ದಿನವೂ ಮಲಗುವ ಮುನ್ನ ದಂಡೆಗೆ ಹೋಗಿ ನೋಡುತ್ತಿದ್ದ ಅತ್ತೆ ಅಂದು ನನ್ನನ್ನು ನಂಬಿ ಹೋಗಲಿಲ್ಲ.

ಬೆಳಿಗ್ಗೆ ಮೋಟರ್ ಇದ್ದ ಜಾಗದಲ್ಲಿ ನೀರಿತ್ತು. ಎತ್ತರದ ಕಂಬದಲ್ಲಿದ್ದ ಡಬ್ಬಿಯ ಪರದೆ ‘ಮಹಾವಿ’ ಎಂಬಲ್ಲಿ ಹೆಪ್ಪುಗಟ್ಟಿತ್ತು.

“ಅತ್ತಿ, ಈ ನಂಬರಕ್ಕ ಫೋನ್ ಮಾಡಿದ್ದೇನು?”

“ಉಂಡಮ್ಯಾಲ ಮಾಡಿದ್ನೆಪ್ಪಾ. ಮಿಸ್ ಕಾಲ್ ಬಂದ್ರ ತಿರುಗಿ ಮಾಡಬೇಕಲ್ಲೋ? ಯಾರೂ ಎತ್ತಲಿಲ್ಲ.”

ಏನು ಮಾಡಬೇಕೆಂದು ತಿಳಿಯದ ಡಬ್ಬಿ ಆ ಕರೆಗೇ ನಿಂತುಬಿಟ್ಟಿತ್ತು.

ಮರಳುವಾಗ ಜಮಖಂಡಿಯ ರಿಪೇರಿ ಅಂಗಡಿಗೆಂದು ಮೋಟರೂ ನನ್ನ ಜೊತೆ ಬಸ್ಸೇರಿತು. “ಈ ಸಾಹೇಬರಿಗೆ ಅರ್ಧ ಟಿಕೇಟೋ ಪೂರಾನೋ?” ಎಂದ ಕಂಡಕ್ಟರ್. ಮೋಟರಿಗೂ ಪೂರಾ ಟಿಕೇಟು ತೆಗೆದೆ.

ಜಮಖಂಡಿಯಲ್ಲಿ ಇಳಿಯುವಾಗ ನನ್ನ ಫೋನ್ ಒಮ್ಮೆ ಬಡಿದು ನಿಂತಿತು. ಅತ್ತೆಯದು. ತಿರುಗಿ ಮಾಡಿದೆ.

“ಮುಟ್ಟಿದೇನ್ಲೇ?”

“ಮುಟ್ಟೀನಿ ಅತ್ತಿ.”

“ಡಬ್ಬಿ ಮತ್ತ ಛಲೋ ಮಾಡಿ ತಗೊಂಡ ಬಾ. ಆದ್ರ ಮದಲ ಅದಕ್ಕ, ಯಾರರ ಕರದ್ರ ‘ಓ’ ಅನ್ನಾಕ ಕಲಸು.”

ಆ ‘ಓ’ಗೆ ಬೇಕಾದಷ್ಟು ಜಾಗ ಎರಡು ಕೆಬಿಯಲ್ಲೂ ಇತ್ತು. ಅಲ್ಲಿ ನನ್ನ ಹೆಸರು ಕೂತಿತ್ತು.